ಕ್ಯಾನ್ಸರ್ ರೋಗಿಗಳಿಗೆ ರೈಲ್ವೆ ಕನ್ಸೆಷನ್: ಎರಡು ವರ್ಷ ಬಳಸಿದ ಮೇಲೆ

ಅವ್ವನಿಗೆ ಸ್ತನ ಕ್ಯಾನ್ಸರ್. ಚಿಕಿತ್ಸೆ ಬೆಂಗಳೂರಿನ ಕಿದ್ವಾಯಿಯಲ್ಲಿ, ಮನೆ ಕೊಪ್ಪಳದಲ್ಲಿ. ನಡುವೆ 350 ಕಿ.ಮೀ. ಆಸುಪಾಸು ದಾರಿ. ಎರಡು ವರ್ಷದಿಂದ ಈ ಓಡಾಟಕ್ಕೆ ರೈಲ್ವೆ ಕನ್ಸೆಷನ್ ಬಳಸುತ್ತಿದ್ದೇವೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಇದು ಇಲ್ಲದಿದ್ದರೆ ಅರ್ಧ ದಾರಿಯಲ್ಲೇ ಚಿಕಿತ್ಸೆ ಬಿಡುವ ಮಾತು ನಮ್ಮ ಮನೆಯಲ್ಲೂ ಬರುತ್ತಿತ್ತು.

ಮೊದಲು ಒಂದು ವಿಷಯ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ರೈಲ್ವೆ ಬಹಳಷ್ಟು ರಿಯಾಯಿತಿ ನಿಲ್ಲಿಸಿತು. ಹಿರಿಯ ನಾಗರಿಕರದ್ದು ಹೋಗಿದ್ದು ಎಲ್ಲರಿಗೂ ಗೊತ್ತು. ಹಾಗಾಗಿ ರೋಗಿಗಳದ್ದೂ ಹೋಯ್ತು ಅಂತ ತುಂಬಾ ಜನ ತಿಳಿದಿದ್ದಾರೆ. ಹೋಗಿಲ್ಲ. ರೋಗಿಗಳು, ಅಂಗವಿಕಲರು, ವಿದ್ಯಾರ್ಥಿಗಳ ರಿಯಾಯಿತಿ ಆಗಲೂ ಉಳಿಯಿತು, ಈಗಲೂ ಇದೆ.

ಚಿಕಿತ್ಸೆಗೆ ಅಥವಾ ಚೆಕಪ್‌ಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಎಸಿ ತ್ರೀ ಟೈರ್‌ನಲ್ಲಿ ಮೂಲ ದರ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ ಅದೇ ಕ್ಲಾಸಿನಲ್ಲಿ ಶೇ. 75. ಸೆಕೆಂಡ್ ಕ್ಲಾಸ್, ಎಸಿ ಚೇರ್ ಕಾರ್‌ನಲ್ಲಿ ಇಬ್ಬರಿಗೂ ಶೇ. 75, ಎಸಿ ಟೂ ಟೈರ್‌ನಲ್ಲಿ ಶೇ. 50. ಬೇಕಾಗಿರುವುದು ಆಸ್ಪತ್ರೆಯ ವೈದ್ಯರು ರೈಲ್ವೆಯ ನಮೂನೆಯಲ್ಲೇ ಬರೆದು, ಸಹಿ ಸೀಲು ಹಾಕಿದ ಸರ್ಟಿಫಿಕೇಟ್. ಡಿಸ್ಚಾರ್ಜ್ ಸಮರಿ, ಬಯಾಪ್ಸಿ ರಿಪೋರ್ಟ್ ಎಷ್ಟೇ ತೋರಿಸಿದರೂ ಅದಕ್ಕೆ ಬದಲಿ ಆಗುವುದಿಲ್ಲ. ಫಾರಂನಲ್ಲಿ ಯಾವ ಸ್ಟೇಷನ್ನಿಂದ ಯಾವ ಸ್ಟೇಷನ್ನಿಗೆ ಅನ್ನುವುದನ್ನು ಸರಿಯಾಗಿ ಬರೆಸಿಕೊಳ್ಳಿ. ಒಂದು ಜೆರಾಕ್ಸ್ ಬ್ಯಾಗಿನಲ್ಲಿರಲಿ, ರೈಲಿನಲ್ಲಿ ಟಿಟಿಇ ಕೇಳಬಹುದು.

ನಾವು ಹೆಚ್ಚಾಗಿ ಹಂಪಿ ಎಕ್ಸ್‌ಪ್ರೆಸ್‌ನಲ್ಲೇ ಹೋಗುತ್ತೇವೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಮೆಜೆಸ್ಟಿಕ್. ಶುರುವಿನಲ್ಲಿ ಸ್ಲೀಪರ್‌ನಲ್ಲಿ ಹೋಗುತ್ತಿದ್ದೆವು, ಆಮೇಲೆ ಎಸಿ ತ್ರೀ ಟೈರ್‌ಗೆ ಬದಲಾದೆವು. ಅವ್ವನಿಗೆ ಎರಡರಲ್ಲೂ ದರ ಮಾಫಿ, ಹೆಚ್ಚಿಗೆ ಆಗುವುದು ನನ್ನ ಕಾಲು ಭಾಗದ ದರದಲ್ಲಿ ಮಾತ್ರ. ಕೀಮೋ ಆದ ಮೇಲೆ ಬಿಳಿ ರಕ್ತಕಣ ಕಡಿಮೆಯಾಗುತ್ತದೆ, ಯಾರೋ ಕೆಮ್ಮಿದರೂ ಸೋಂಕಿನ ಭಯ. ಜನರ ನೂಕುನುಗ್ಗಲು ಕಡಿಮೆ ಇದ್ದಷ್ಟೂ ಒಳ್ಳೆಯದು. ಎಸಿಯ ಚಳಿಗೆ ಒಂದು ದಪ್ಪ ಶಾಲು ಬೇಕೇ ಬೇಕು, ಕೂದಲು ಉದುರಿದ ತಲೆಗೆ ಟೋಪಿಯೂ ಬೇಕು.

ಬರ್ತ್ ಬುಕ್ ಮಾಡುವಾಗ ಕೆಳಗಿನದೇ ಬೇಕೆಂದು ಬರೆಯಿರಿ. ಆಪರೇಷನ್ ಆದ ಕಡೆಯ ಕೈಗೆ ಭಾರ ಕೊಡಬಾರದು ಅಂತ ಡಾಕ್ಟರು ಹೇಳಿರುತ್ತಾರೆ. ಆ ಕೈಯಲ್ಲಿ ಸರಳು ಹಿಡಿದು ಮಧ್ಯದ ಬರ್ತ್ ಹತ್ತುವುದು ಆಗದ ಮಾತು. ವಾಪಸ್ ಬರುವಾಗ ಅವ್ವ ಕೆಳಗಿನ ಬರ್ತ್‌ನಲ್ಲಿ ಗೋಡೆ ಕಡೆ ತಿರುಗಿ, ಅರ್ಧ ಕತ್ತರಿಸಿದ ನಿಂಬೆಹಣ್ಣು ಮೂಸುತ್ತಾ ಮಲಗುತ್ತಾಳೆ. ವಾಂತಿ ಬಂದರೆ ಎದ್ದು ನಾಲ್ಕು ಹೆಜ್ಜೆ ಹೋಗಲು ಜಾಗ ಇರುತ್ತದೆ. ಒಮ್ಮೆ ಬಸ್ಸಿನಲ್ಲಿ ಬಂದಾಗ, "ಇನ್ನೊಮ್ಮೆ ಬಸ್ಸಿನ್ಯಾಗ ಬ್ಯಾಡವ್ವ, ಬೆನ್ನು ನೆಟ್ಟಗ ಮಾಡಾಕ ಆಗಂಗಿಲ್ಲ" ಅಂದಿದ್ದಳು.

ಇನ್ನು ಒಂದು ಸ್ಟಾರ್ ಕಡಿಮೆ ಮಾಡಿದ್ದು ಯಾಕೆ ಅಂದರೆ, ಇದು ಟಿಕೆಟ್ ದುಡ್ಡನ್ನು ಉಳಿಸುತ್ತದೆ, ಬರ್ತ್ ಖಾತ್ರಿ ಮಾಡುವುದಿಲ್ಲ. ತತ್ಕಾಲ್‌ನಲ್ಲಿ ಕನ್ಸೆಷನ್ ನಡೆಯುವುದಿಲ್ಲ. ಆದರೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ತಾರೀಖು ಪಕ್ಕಾ ಇರುವುದೇ ಇಲ್ಲ, ಅಲ್ವಾ? 21 ದಿನಕ್ಕೊಂದು ಕೀಮೋ ಅಂತ ಬರೆದಿರುತ್ತಾರೆ. ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಕೌಂಟ್ ಕಮ್ಮಿ, ಒಂದು ವಾರ ಬಿಟ್ಟು ಬನ್ನಿ ಅನ್ನುತ್ತಾರೆ. ಆ ಒಂದು ವಾರದಲ್ಲಿ ಮಾಮೂಲಿ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲಿರುತ್ತದೆ. ಪೂರ್ತಿ ದುಡ್ಡು ಕೊಟ್ಟು ತತ್ಕಾಲ್ ಮಾಡಿಸುವುದು ಯಾರಿಗೆ ಆಗುತ್ತದೆ? ಯಾರಿಗೆ ರಿಯಾಯಿತಿ ನಿಜವಾಗಿ ಬೇಕೋ ಅವರಿಗೇ ಆಗುವುದಿಲ್ಲ.

ಎರಡನೆಯದು, ಆನ್‌ಲೈನ್‌ನಲ್ಲಿ ಸಿಗುವುದಿಲ್ಲ. ಪ್ರತಿ ಸಲ ಸರ್ಟಿಫಿಕೇಟ್ ಹಿಡಿದು ಕೌಂಟರಿಗೇ ಹೋಗಬೇಕು. ಅಂಗವಿಕಲರಿಗೆ ರೈಲ್ವೆಯೇ ಒಂದು ಗುರುತಿನ ಚೀಟಿ ಕೊಟ್ಟು ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಲು ದಾರಿ ಮಾಡಿದೆ. ಅದೇ ವ್ಯವಸ್ಥೆ ಇಲ್ಲಿಗೂ ತರಬಹುದು. ರೋಗಿಯನ್ನು ಮನೆಯಲ್ಲಿ ಒಂಟಿಯಾಗಿ ಬಿಟ್ಟು ಕ್ಯೂ ನಿಲ್ಲುವ ಕಷ್ಟ ತಪ್ಪುತ್ತದೆ.

ಮೆಜೆಸ್ಟಿಕ್‌ನಿಂದ ಆಸ್ಪತ್ರೆಗೆ ಹೋಗಲು ಡೈರಿ ಸರ್ಕಲ್ ಕಡೆಯ ಬಿಎಂಟಿಸಿ ಸಾಮಾನ್ಯ ಬಸ್ ಸಾಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮಿಬ್ಬರಿಗೂ ಅದು ಫ್ರೀ, ಆಧಾರ್ ತೋರಿಸಿದರೆ ಆಯ್ತು. ಬರುವಾಗ ಮಾತ್ರ ಆಟೋ ಮಾಡುತ್ತೇನೆ. ಕೀಮೋ ಆದ ದಿನ ಅವ್ವನನ್ನು ಬಸ್ಸಿನಲ್ಲಿ ನಿಲ್ಲಿಸಲು ಮನಸ್ಸು ಬರುವುದಿಲ್ಲ. ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುವುದರಿಂದ ಆಗ ಊರಿಂದ ಓಡಾಡುವ ಪ್ರಶ್ನೆಯೇ ಇಲ್ಲ. ಆಸ್ಪತ್ರೆಯ ಧರ್ಮಶಾಲೆಯಲ್ಲಿ ಜಾಗ ಇದೆಯಾ ಅಂತ ಮೊದಲೇ ವಿಚಾರಿಸಿ.

ಹೊಸದಾಗಿ ಶುರು ಮಾಡುವವರಿಗೆ: ಡಾಕ್ಟರು ಮುಂದಿನ ತಾರೀಖು ಬರೆಯುವ ಹೊತ್ತಿಗೇ ಕನ್ಸೆಷನ್ ಫಾರಂ ಮುಂದಿಡಿ. ಒಪಿಡಿ ಬಾಗಿಲು ದಾಟಿದ ಮೇಲೆ ಆ ಸಹಿಗಾಗಿ ಮತ್ತೆ ಟೋಕನ್ ತೆಗೆದುಕೊಳ್ಳಬೇಕಾಗುತ್ತದೆ. ಈಗ 60 ದಿನ ಮೊದಲೇ ಬುಕ್ಕಿಂಗ್ ತೆರೆಯುವುದರಿಂದ ಹೋಗುವ ಟಿಕೆಟ್ಟನ್ನು ಅದೇ ದಿನ ಮಾಡಿಸಿ. ಬರುವ ಟಿಕೆಟ್ ಮಾತ್ರ ಕೀಮೋ ದಿನಕ್ಕೆ ಬೇಡ, ಒಂದು ದಿನ ಬಿಟ್ಟು ಮಾಡಿಸಿ.