ಹಳೇ ತೇಗದ ವಾರ್ಡ್‌ರೋಬ್ ಮಾಡಿಸುವವರು ಮೊದಲು ಇದನ್ನು ಓದಿ

ಹಳೇ ಮನೆ ಒಡೆದ ಮರದಲ್ಲಿ ಗೋಡೆಗೆ ಸೇರಿಸಿ ವಾರ್ಡ್‌ರೋಬ್ ಮಾಡಿಸ್ತಿದ್ದೀರಾ? ಪಾಲಿಶ್ ಬೀಳುವ ಮೊದಲು ಮರ ನೋಡಿ. ನೋಡದೆ ಬಾಕಿ ದುಡ್ಡು ಕೊಡಲೇಬೇಡಿ.

ವಾರ್ಡ್‌ರೋಬ್ ಮಾಡಿಕೊಡೋ ವ್ಯಾಪಾರಿ ಗೋಡೌನಿನಲ್ಲಿ ನನಗೆ ತೋರಿಸಿದ್ದು ನಿಜವಾದ ತೊಲೆಗಳೇ. ತಮಿಳುನಾಡಿನ ಕಾರೈಕುಡಿ ಕಡೆಯ ಚೆಟ್ಟಿಯಾರ್ ಮನೆಯದು, ಬರ್ಮಾ ತೇಗ ಅಂದರು. ಒಂದು ಕಡೆ ಉಜ್ಜಿಯೂ ತೋರಿಸಿದರು. ಎಣ್ಣೆ ಎಣ್ಣೆ ವಾಸನೆ, ಹಳೇ ಮೊಳೆ ಇದ್ದ ಕಡೆಯೆಲ್ಲ ಕಪ್ಪು ಕಲೆ. ಮೊಳೆ ಕಿತ್ತು ಕೊಯ್ದರೆ ಮರ ತುಂಬಾ ಹೋಗುತ್ತೆ ಅಂತ ವೇಸ್ಟೇಜ್ ಸೇರಿಸಿ ಸಿಎಫ್‌ಟಿ (ಘನ ಅಡಿ) ರೇಟು ಹೇಳಿದರು. ಎಲ್ಲ ಕಡೆ ಹಾಗೇ ಅಲ್ವಾ, ಅಡ್ವಾನ್ಸ್ ಕೊಟ್ಟೆ.

ಕೆಲಸವೆಲ್ಲ ಅವರ ಶೆಡ್ಡಿನಲ್ಲೇ. ಮನೆಗೆ ಬಂದಿದ್ದು ಪಾಲಿಶ್ ಆದ ಮೇಲೆ. ಗೋಡೆಗೆ ಫಿಕ್ಸ್ ಮಾಡಿದರು, ಬಾಕಿ ಪೂರ್ತಿ ಇಸ್ಕೊಂಡು ಹೋದರು. ನಾನು ಬಂದವರನ್ನೆಲ್ಲ ರೂಮಿಗೇ ಕರ್ಕೊಂಡು ಹೋಗಿ "ನೂರು ವರ್ಷದ ಮರ" ಅಂತ ತೋರಿಸಿದ್ದೇ ತೋರಿಸಿದ್ದು!

ಆಮೇಲೆ ಸೀರೆಗಳ ಮೇಲೆ ಮೈದಾಹಿಟ್ಟಿನಂಥ ಹುಡಿ ಬೀಳೋಕೆ ಶುರುವಾಯಿತು. ಕುಟ್ಟೆ ಹುಳ. ಫೋನ್ ಮಾಡಿದರೆ, "ಹಳೇ ಮರ ಅಂದ್ಮೇಲೆ ಹುಳ ಇದ್ದೇ ಇರುತ್ತೆ ಮೇಡಂ. ಅದೇ ಗ್ಯಾರಂಟಿ, ಒರಿಜಿನಲ್ ಅನ್ನೋದಕ್ಕೆ." ಗ್ಯಾರಂಟಿಯಂತೆ!

ಅಪ್ಪನ ಪರಿಚಯದ ಆಚಾರ್ರೊಬ್ಬರು ಕಿಟಕಿ ರಿಪೇರಿಗೆ ಬಂದಿದ್ದರು. ಕೆಳಗಿನ ಡ್ರಾಯರ್ ಎಳೆದು, ತಿರುಗಿಸಿ, ಬೀಗದ ಕೈಯಿಂದ ಕೆರೆದರು. ಪಾಲಿಶ್ ಎದ್ದ ಕಡೆ ಒಳಗೆ ತಿಳಿ ಗುಲಾಬಿ ಬಣ್ಣ, ಮೈತುಂಬ ಚುಕ್ಕಿ ಚುಕ್ಕಿ. "ಇದು ತೇಗ ಅಲ್ಲ ಕಣಮ್ಮ. ಕಾಫಿ ತೋಟದ ಸಿಲ್ವರ್ ಮರ." ನಾನು ಮೊಳೆ ತೂತು ತೋರಿಸಿದೆ. ಅವರು ನಕ್ಕುಬಿಟ್ಟರು. ಕಬ್ಬಿಣದ ಮೊಳೆ ವರ್ಷಗಟ್ಟಲೆ ತೇಗದಲ್ಲಿದ್ದರೆ ಸುತ್ತ ಕಪ್ಪಾಗಿರುತ್ತೆ. ಇಲ್ಲಿ ಒಂದು ತೂತಿನ ಸುತ್ತಲೂ ಕಲೆ ಇಲ್ಲ. ಎಲ್ಲ ಒಂದೇ ಅಳತೆ. ಮೊನ್ನೆ ಮೊನ್ನೆ ಡ್ರಿಲ್ ಹಾಕಿದ್ದು! ಆ ತೂತುಗಳನ್ನೇ ನಾನು ಫೋಟೊ ತೆಗೆದು ಸ್ಟೇಟಸ್ ಹಾಕಿದ್ದೆ. ಈಗಲೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತೆ.

ಮತ್ತೆ ಫೋನ್ ಮಾಡಿದೆ. "ಬಾಗಿಲು ತೇಗನೇ ಮೇಡಂ, ಒಳಗಿಂದು ಯಾರಿಗೆ ಕಾಣುತ್ತೆ?" ನೋಡಿದರೆ ಬಾಗಿಲೂ ಪ್ಲೈವುಡ್, ಮೇಲೆ ತೇಗದ ವೆನಿಯರ್, ಅಂದರೆ ಅಂಟಿಸಿದ ತೆಳು ಪದರ ಅಷ್ಟೇ. ವಾಪಸ್ ತಗೊಂಡು ಹೋಗಿ ಅಂದರೆ, "ಬಿಚ್ಚಿದ್ರೆ ಗೋಡೆ ಪ್ಲಾಸ್ಟರ್ ಕಿತ್ತು ಬರುತ್ತೆ, ಅದಕ್ಕೆ ನಾವು ಜವಾಬ್ದಾರಿ ಅಲ್ಲ." ಇದೇ ಇವರ ಧೈರ್ಯ. ಮಂಚ ಆಗಿದ್ದರೆ ಹೊತ್ತು ಬೀದಿಗೆ ಹಾಕಬಹುದಿತ್ತು. ಗೋಡೆಗೆ ಕೂರಿಸಿದ್ದನ್ನು ಏನು ಮಾಡ್ತೀರಿ?

ನೀವಾದರೂ ಹುಷಾರಾಗಿರಿ. ನೀವು ಆರಿಸಿದ ತೊಲೆಗಳಿಗೆ ಬಣ್ಣದಲ್ಲಿ ಸಹಿ ಹಾಕಿ, ಸಾಮಿಲ್‌ನಲ್ಲಿ ಕೊಯ್ಯುವಾಗ ನಿಂತು ನೋಡಿ. ಜೋಡಣೆ ಮನೆಯಲ್ಲೇ ಆಗಲಿ. ಯಾವ ಮರ ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಯವಾಗಿ ಮಾತಾಡುವವರನ್ನಂತೂ ನಂಬಲೇಬೇಡಿ.

1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2 ವರ್ಷದೊಳಗೆ ಹೋಗಬಹುದು, ವಕೀಲರು ಬೇಕೇಬೇಕು ಅಂತೇನಿಲ್ಲ. ದೂರು ಹೋದ ಮೇಲೆ ಆತನದೇ ಮೆಸೇಜು: "ಸ್ವಲ್ಪ ದುಡ್ಡು ವಾಪಸ್ ಕೊಡ್ತೀನಿ, ರಿವ್ಯೂ ತೆಗೀರಿ ಮೇಡಂ." ತೆಗೆಯಲ್ಲ.