ತಾಳಮದ್ದಳೆ ರೆಕಾರ್ಡಿಂಗ್‌ಗೆ ಯಾವ ಸಾಫ್ಟ್‌ವೇರ್? ಆಡಾಸಿಟಿ, ಟೆನಾಸಿಟಿ, ರೀಪರ್, ಆರ್ಡೋರ್ ಬಳಸಿ ನೋಡಿದ ಹೋಲಿಕೆ

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತ ವರ್ಷವಿಡೀ ಎಲ್ಲೋ ಒಂದು ಕಡೆ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಕೂಟ ನಡೆಯುತ್ತಲೇ ಇರುತ್ತದೆ. ಮೇಳಗಳ ತಿರುಗಾಟ ಇಲ್ಲದ ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಈಗ ಎಲ್ಲರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಆದರೆ ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಧ್ವನಿ ಒಡೆದು ಹೋಗುತ್ತದೆ. ಅರ್ಥಧಾರಿ (ಪಾತ್ರದ ಮಾತು ಆಡುವವರು) ದನಿ ತಗ್ಗಿಸಿ ಆಡಿದ ಮಾತು ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆ ಇಂದಿಗೂ ನಮಗೆ ಕೇಳಲು ಸಿಗುತ್ತಿದೆ ಎಂದರೆ ಅಂದು ಯಾರೋ ಅದನ್ನು ಕ್ಯಾಸೆಟ್ಟಿನಲ್ಲಿ ಜೋಪಾನ ಮಾಡಿದ್ದರು. ಈಗಿನವರ ಅರ್ಥವೂ ಹಾಗೆ ಉಳಿಯಬೇಕು ಎಂಬುದು ನಮ್ಮ ಆಸೆ.

ಅದಕ್ಕಾಗಿ ನಾವು ಕೆಲವು ಗೆಳೆಯರು ಸೇರಿ ನಾಲ್ಕು ಇನ್‌ಪುಟ್ ಇರುವ ಒಂದು ಆಡಿಯೊ ಇಂಟರ್‌ಫೇಸ್ (ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ತೆಗೆದುಕೊಂಡೆವು. ಹಾಡುವ ಭಾಗವತರಿಗೆ ಒಂದು ಮೈಕ್, ಚೆಂಡೆ-ಮದ್ದಳೆಗೆ ಒಂದು, ಎರಡೂ ಬದಿಯ ಅರ್ಥಧಾರಿಗಳಿಗೆ ಒಂದೊಂದು. ನನ್ನದು ಉಬುಂಟು (ವಿಂಡೋಸ್ ಬದಲು ಬಳಸುವ ಒಂದು ಲಿನಕ್ಸ್) ಹಾಕಿದ ಹಳೆಯ ಲ್ಯಾಪ್‌ಟಾಪ್. ಗೆಳೆಯನದ್ದು ವಿಂಡೋಸ್. ಇವೆರಡರಲ್ಲಿ ನಾಲ್ಕು ಸಾಫ್ಟ್‌ವೇರ್ ಬಳಸಿ ನೋಡಿದ್ದೇವೆ. ಧ್ವನಿಯ ಗುಣಮಟ್ಟದಲ್ಲಿ ನಾಲ್ಕಕ್ಕೂ ವ್ಯತ್ಯಾಸ ಇಲ್ಲ. ಮೈಕ್ ಏನು ಕೊಡುತ್ತದೋ ಅದನ್ನೇ ಅವು ಬರೆದಿಡುತ್ತವೆ. ವ್ಯತ್ಯಾಸ ಇರುವುದು ಬಳಸುವ ರೀತಿಯಲ್ಲಿ ಮತ್ತು ಲೈಸೆನ್ಸಿನಲ್ಲಿ. ಲೈಸೆನ್ಸ್ ವಿಷಯ ತೆಗೆದರೆ ಸುಮಾರು ಜನ "ಅದೆಲ್ಲ ಪ್ರೋಗ್ರಾಮರ್‌ಗಳ ಜಗಳ, ನಮಗೆ ಯಾಕೆ" ಅನ್ನುತ್ತಾರೆ. ಆದರೆ ಎಷ್ಟು ಮೈಕ್ ಕೆಲಸ ಮಾಡುತ್ತದೆ, ಯಾರಿಗೆ ಕಾಪಿ ಕೊಡಬಹುದು ಎಂಬಲ್ಲಿಯವರೆಗೆ ಆ ಜಗಳ ನಮ್ಮ ಕೂಟಕ್ಕೇ ಬಂದು ಮುಟ್ಟುತ್ತದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೊದಲು ಆಡಾಸಿಟಿ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಶುರುಮಾಡಿದ್ದು. 2000ರಲ್ಲಿ ಜನರ ಕೈಗೆ ಬಂತು. ನಮ್ಮ ಕಡೆ ಇದಕ್ಕೆ ಒಂದು ದೊಡ್ಡ ಅನುಕೂಲ ಇದೆ. ಕೇರಳದ ಶಾಲೆಗಳ ಲ್ಯಾಬ್‌ನಲ್ಲಿ ಕೈಟ್ ಎಂಬ ಸರ್ಕಾರಿ ಸಂಸ್ಥೆ ಕೊಡುವ ಲಿನಕ್ಸ್ ಇರುತ್ತದೆ. ಅದರಲ್ಲಿ ಆಡಾಸಿಟಿ ಮೊದಲೇ ಹಾಕಿರುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದರ ಪರಿಚಯ ಇದೆ. ಕೂಟದಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗನೊಬ್ಬ ಪರದೆ ನೋಡಿ, "ಅಣ್ಣಾ, ಇದು ನಮ್ಮ ಶಾಲೆಯಲ್ಲಿ ಇರುವುದೇ ಅಲ್ವಾ?" ಎಂದು ಕೇಳಿದ. ಆಮೇಲೆ ಕತ್ತರಿಸುವ ಕೆಲಸ ಅವನೇ ಮಾಡಿದ. ಯಾರೂ ಕಲಿಸಬೇಕಾಗಲಿಲ್ಲ.

ಕತ್ತರಿಸಲು, ಜೋಡಿಸಲು, ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಲು ಆಡಾಸಿಟಿಯಷ್ಟು ಸುಲಭದ್ದು ನಾನು ನೋಡಿಲ್ಲ. ಸದ್ದು ತೆಗೆಯುವ ಸೌಲಭ್ಯವೂ ಒಳ್ಳೆಯದಿದೆ. ಯಾರೂ ಮಾತಾಡದ, ಬರೀ ಫ್ಯಾನಿನ ಸದ್ದು ಇರುವ ಒಂದೆರಡು ಸೆಕೆಂಡು ಆರಿಸಿ ತೋರಿಸಬೇಕು. ಅದನ್ನು ಮಾದರಿಯಾಗಿ ಇಟ್ಟುಕೊಂಡು ಉಳಿದ ಕಡೆಯೂ ಅಂಥ ಸದ್ದನ್ನು ಅದು ತಗ್ಗಿಸುತ್ತದೆ. ಯಕ್ಷಗಾನದವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಆರಿಸಿದ ತುಂಡಿನಲ್ಲಿ ಶ್ರುತಿಪೆಟ್ಟಿಗೆಯ ನಾದ ಇದ್ದರೆ ಸಾಫ್ಟ್‌ವೇರ್ ಅದನ್ನೂ ಫ್ಯಾನಿನ ಸದ್ದಿನ ಲೆಕ್ಕಕ್ಕೇ ಹಾಕುತ್ತದೆ. ಎರಡೂ ಒಂದೇ ಸಮ ಕೇಳುವ ನಾದಗಳು ತಾನೇ! ಆಗ ಇಡೀ ಪದ್ಯದ ಶ್ರುತಿ ತೆಳುವಾಗುತ್ತದೆ, ಭಾಗವತರ ಕಂಠವೂ ಸೊರಗುತ್ತದೆ. ಹಾಗಾಗಿ ಕೂಟ ಶುರುವಾಗುವ ಮೊದಲು, ಶ್ರುತಿ ಇಡುವುದಕ್ಕೂ ಮುಂಚೆ, ಖಾಲಿ ಸಭೆಯ ಸದ್ದನ್ನು ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಡಿ.

ಆಡಾಸಿಟಿಯಲ್ಲಿ ನಮಗೆ ತೊಂದರೆ ಆದದ್ದು ನಾಲ್ಕು ಮೈಕಿನ ಕೆಲಸದಲ್ಲಿ. ಉಬುಂಟುವಿನಲ್ಲಿ ನಾಲ್ಕು ಚಾನೆಲ್ಲೂ ಸಿಕ್ಕಿತು. ಗೆಳೆಯನ ವಿಂಡೋಸ್‌ನಲ್ಲಿ ಎರಡೇ ಕಂಡಿತು. ಅದೇ ಇಂಟರ್‌ಫೇಸ್, ಅದೇ ಕೇಬಲ್. ಇದಕ್ಕೆ ಕಾರಣ ಲೈಸೆನ್ಸ್. ವಿಂಡೋಸ್‌ನಲ್ಲಿ ಇಂಥ ಅನೇಕ ಇಂಟರ್‌ಫೇಸ್‌ಗಳು ಪೂರ್ತಿ ಕೆಲಸ ಮಾಡಲು ಏಸಿಯೋ ಎಂಬ ವ್ಯವಸ್ಥೆ ಬೇಕು. ಅದು ಸ್ಟೈನ್‌ಬರ್ಗ್ ಕಂಪನಿಯದ್ದು. ಆಡಾಸಿಟಿ ಇರುವುದು ಜಿಪಿಎಲ್ ಲೈಸೆನ್ಸ್‌ನಲ್ಲಿ. ಜಿಪಿಎಲ್ ಪ್ರಕಾರ ಸಾಫ್ಟ್‌ವೇರ್ ಹಂಚುವವರು ಅದರ ಮೂಲ ಕೋಡನ್ನೂ (ಪ್ರೋಗ್ರಾಮರ್ ಬರೆದ ಮೂಲ ಪಠ್ಯ) ಕೊಡಬೇಕು. ಪಡೆದವರು ಅದನ್ನು ತಿದ್ದಬಹುದು, ಹಂಚಬಹುದು, ಮಾರಲೂಬಹುದು. ಅವರ ಮೇಲೆ ಹೊಸ ನಿರ್ಬಂಧ ಹೇರುವ ಹಾಗಿಲ್ಲ. ಸ್ಟೈನ್‌ಬರ್ಗ್‌ನ ಷರತ್ತುಗಳು ಇದಕ್ಕೆ ಹೊಂದುತ್ತಿರಲಿಲ್ಲ. ಹಾಗಾಗಿ ಆಡಾಸಿಟಿ ತಂಡ ಏಸಿಯೋ ಸೇರಿಸಿ ಹಂಚುತ್ತಿರಲಿಲ್ಲ. ಬೇಕಾದವರು ಮೂಲ ಕೋಡಿನಿಂದ ತಾವೇ ಕಟ್ಟಿಕೊಂಡು ತಮ್ಮ ಮಟ್ಟಿಗೆ ಬಳಸಬಹುದಿತ್ತು. ಇನ್ನೊಬ್ಬರಿಗೆ ಕೊಡುವ ಹಾಗಿರಲಿಲ್ಲ. ಹಳ್ಳಿಯ ಯಕ್ಷಗಾನ ಸಂಘದವರು ಕೂತು ಕೋಡ್ ಕಂಪೈಲ್ ಮಾಡುವುದು ಆಗುವ ಮಾತಲ್ಲ.

2025ರ ಅಕ್ಟೋಬರ್‌ನಲ್ಲಿ ಸ್ಟೈನ್‌ಬರ್ಗ್ ಏಸಿಯೋವನ್ನು ಜಿಪಿಎಲ್ 3ರ ಅಡಿಯಲ್ಲೂ ಬಿಡುಗಡೆ ಮಾಡಿತು. ಏಸಿಯೋ ಸೇರಿಸಿ ಆಡಾಸಿಟಿ ಹಂಚಲು ಇದ್ದ ಅಡ್ಡಿ ಇದರಿಂದ ಹೋಯಿತು. ವಿಎಸ್‌ಟಿ 3 ಎಂಬ ಪ್ಲಗಿನ್ ವ್ಯವಸ್ಥೆಯನ್ನು (ಬೇರೆಯವರು ಬರೆದ ಎಫೆಕ್ಟ್ ಮುಂತಾದವನ್ನು ಜೋಡಿಸುವುದು) ಇನ್ನೂ ಸಡಿಲವಾದ ಎಂಐಟಿ ಲೈಸೆನ್ಸ್‌ಗೆ ತಂದಿತು. ಇಷ್ಟು ವರ್ಷ ಜನ ಬಿಡದೆ ವಾದ ಮಾಡಿದ್ದು ವ್ಯರ್ಥವಾಗಲಿಲ್ಲ ಎಂದು ನನಗೆ ನಿಜಕ್ಕೂ ಖುಷಿಯಾಯಿತು.

ಆಡಾಸಿಟಿಯ ದೊಡ್ಡ ಗಲಾಟೆ ನಡೆದದ್ದು 2021ರಲ್ಲಿ. ಆ ವರ್ಷ ಅದು ಮ್ಯೂಸ್ ಗ್ರೂಪ್ ಎಂಬ ಕಂಪನಿಯ ಕೈಗೆ ಹೋಯಿತು. ಮೇ ತಿಂಗಳಲ್ಲಿ, ಜನ ಹೇಗೆ ಬಳಸುತ್ತಾರೆ ಎಂಬ ಮಾಹಿತಿಯನ್ನು ಗೂಗಲ್ ಮತ್ತು ಯಾಂಡೆಕ್ಸ್ ಸೇವೆಗಳ ಮೂಲಕ ಕಲೆಹಾಕುವ ಪ್ರಸ್ತಾಪ ಬಂತು. ಬಳಸುವವರು ಒಪ್ಪಿದರೆ ಮಾತ್ರ ಎಂದು ಅದರಲ್ಲೇ ಇತ್ತು. ಆದರೂ ವಿರೋಧ ಜೋರಾಯಿತು, ಪ್ರಸ್ತಾಪ ಬಿದ್ದುಹೋಯಿತು. ಜುಲೈಯಲ್ಲಿ ಹೊಸ ಖಾಸಗಿತನದ ನೀತಿ ಬಂತು. 13 ವರ್ಷಕ್ಕಿಂತ ಕೆಳಗಿನವರು ಬಳಸಬಾರದು ಎಂಬ ಅರ್ಥದ ಒಂದು ಸಾಲು ಅದರಲ್ಲಿತ್ತು. ನಮ್ಮ ಶಾಲೆಗಳ ಮಕ್ಕಳನ್ನು ನೆನೆಸಿಕೊಂಡು ನೋಡಿ. ಲ್ಯಾಬ್‌ನಲ್ಲಿ ಆಡಾಸಿಟಿ ಎದುರು ಕೂರುವವರಲ್ಲಿ ಆ ವಯಸ್ಸಿನವರೂ ಇರುತ್ತಾರೆ. ಬಳಸುವವರ ಮೇಲೆ ಹೊಸ ನಿರ್ಬಂಧ ಹಾಕಬಾರದು ಎನ್ನುವ ಜಿಪಿಎಲ್‌ಗೂ ಅದು ವಿರುದ್ಧ. ಟೀಕೆ ಬಂದ ಮೇಲೆ ಕಂಪನಿ ಕ್ಷಮೆ ಕೇಳಿ ಆ ಸಾಲು ತೆಗೆಯಿತು. ಸಾಮಾನ್ಯ ಬಳಕೆದಾರರು ಒಂದು ಕಂಪನಿಯ ನೀತಿಯನ್ನು ಕೆಲವೇ ವಾರಗಳಲ್ಲಿ ತಿದ್ದಿಸಿದರು. ಮೂಲ ಕೋಡ್ ಎಲ್ಲರ ಕೈಯಲ್ಲಿ ಇದ್ದದ್ದರಿಂದ ಆ ಮಾತಿಗೆ ಬಲ ಇತ್ತು.

ಅದೇ ವರ್ಷ ಇನ್ನೊಂದು ಒಪ್ಪಂದದ ಬಗ್ಗೆಯೂ ವಾದ ನಡೆಯಿತು. ಆಡಾಸಿಟಿಗೆ ಕೋಡ್ ಬರೆದುಕೊಡುವವರು, ಅದನ್ನು ಬೇರೆ ಲೈಸೆನ್ಸ್‌ನಲ್ಲಿ ಬಳಸುವ ಹಕ್ಕನ್ನೂ ಕಂಪನಿಗೆ ಕೊಟ್ಟು ಸಹಿ ಹಾಕಬೇಕು ಎಂದಾಯಿತು. ಕಂಪನಿ ಕೊಟ್ಟ ಕಾರಣಗಳಲ್ಲಿ ಹುರುಳಿದೆ. ಆಪಲ್‌ನ ಆಪ್ ಸ್ಟೋರ್ ಷರತ್ತುಗಳಿಗೂ ಜಿಪಿಎಲ್‌ಗೂ ಹೊಂದುವುದಿಲ್ಲ. 2011ರಲ್ಲಿ ವಿಎಲ್‌ಸಿ ಪ್ಲೇಯರ್ ಅಲ್ಲಿಂದ ಹೊರಬಿದ್ದದ್ದು ಇದೇ ಜಗಳದಲ್ಲಿ. ಜಿಪಿಎಲ್ 2ರಿಂದ ಜಿಪಿಎಲ್ 3ಕ್ಕೆ ಹೋಗದೆ ವಿಎಸ್‌ಟಿ 3 ಪ್ಲಗಿನ್‌ಗಳನ್ನು ಸೇರಿಸಲೂ ಆಗುತ್ತಿರಲಿಲ್ಲ. ಆದರೂ ನನಗೆ ಈ ಒಪ್ಪಂದ ಸರಿ ಕಾಣುವುದಿಲ್ಲ. ಹವ್ಯಾಸಕ್ಕೆ, ಪ್ರೀತಿಗೆ ಬರೆದುಕೊಟ್ಟವರ ಕೋಡನ್ನು ನಾಳೆ ಮೂಲ ಕೋಡ್ ಮುಚ್ಚಿಟ್ಟ ಸಾಫ್ಟ್‌ವೇರಿನಲ್ಲಿ ಬಳಸುವ ಹಕ್ಕು ಒಂದೇ ಕಂಪನಿಗೆ ಇದ್ದರೆ ತಕ್ಕಡಿ ಒಂದು ಬದಿಗೆ ವಾಲಿದ ಹಾಗೆಯೇ.

ಈ ಗಲಾಟೆಯಿಂದ ಹುಟ್ಟಿದ ಕವಲು ಟೆನಾಸಿಟಿ. ಹಳೆಯ ಆಡಾಸಿಟಿಯ ಕೋಡ್ ತೆಗೆದುಕೊಂಡು ಸ್ವಯಂಸೇವಕರು ಬೇರೆಯೇ ಬೆಳೆಸುತ್ತಿದ್ದಾರೆ. ಜಿಪಿಎಲ್ ಇದಕ್ಕೆ ಪೂರ್ತಿ ಅವಕಾಶ ಕೊಡುತ್ತದೆ. ಹೆಸರು ಮಾತ್ರ ಟ್ರೇಡ್‌ಮಾರ್ಕ್ ಆದ್ದರಿಂದ ಬೇರೆ ಇಡಬೇಕು. ಬಳಸಲು ಹೆಚ್ಚುಕಮ್ಮಿ ಆಡಾಸಿಟಿಯ ಹಾಗೆಯೇ. ಆಡಾಸಿಟಿ 3.2ರಲ್ಲಿ, ಮೂಲ ಧ್ವನಿಯನ್ನು ಮುಟ್ಟದೆ ಕೇಳುತ್ತಾ ಕೇಳುತ್ತಾ ಎಫೆಕ್ಟ್ ಹೊಂದಿಸುವ ಸೌಲಭ್ಯ ಬಂತು. ನಾನು ಬಳಸಿದ ಟೆನಾಸಿಟಿ 1.3ರಲ್ಲಿ ಅದು ಇರಲಿಲ್ಲ. ಚೆಂಡೆಯನ್ನು ತಗ್ಗಿಸಿ ಮಾತನ್ನು ಏರಿಸುವಾಗ ಇದರ ಕೊರತೆ ಎದ್ದು ಕಾಣುತ್ತದೆ. ಟೆನಾಸಿಟಿಯವರ ಶ್ರಮಕ್ಕೆ ನನ್ನ ಗೌರವ ಇದೆ. ಆದರೆ ಇಂದು ಹೊಸಬರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ರೀಪರ್‌ನ ಲೈಸೆನ್ಸ್ ಬೇರೆಯೇ ರೀತಿಯದ್ದು. ಹಾಡು ಕೇಳುವ ವಿನ್‌ಆ್ಯಂಪ್ ಪ್ಲೇಯರ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರ ಕಾಕೋಸ್ ಕಂಪನಿಯದ್ದು. ಮೂಲ ಕೋಡ್ ಮುಚ್ಚಿದೆ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು. ಆಮೇಲೆ 60 ಡಾಲರ್ ಕೊಡಬೇಕು. ದೊಡ್ಡ ವ್ಯಾಪಾರಿಗಳಿಗೆ 225 ಡಾಲರ್. ಬರೀ ಕೆಲಸದ ದೃಷ್ಟಿಯಿಂದ ನೋಡಿದರೆ ನಾಲ್ಕರಲ್ಲಿ ಇದೇ ಚುರುಕು. ಹಳೆಯ ಲ್ಯಾಪ್‌ಟಾಪಿನಲ್ಲೂ ತಡವರಿಸುವುದಿಲ್ಲ. ಗೆಳೆಯನ ವಿಂಡೋಸ್‌ನಲ್ಲಿ ನಾಲ್ಕೂ ಮೈಕ್ ತಕ್ಷಣ ಸಿಕ್ಕಿತು. ಇದರ ಪ್ರಾಜೆಕ್ಟ್ ಫೈಲನ್ನು ಸಾಮಾನ್ಯ ಟೆಕ್ಸ್ಟ್ ಎಡಿಟರಿನಲ್ಲೂ ತೆರೆದು ಓದಬಹುದು. ಮುಚ್ಚಿದ ಸಾಫ್ಟ್‌ವೇರ್‌ಗಳಲ್ಲಿ ಇಂಥ ಮರ್ಯಾದೆ ಅಪರೂಪ.

60 ದಿನ ಮುಗಿದ ಮೇಲೂ ರೀಪರ್ ನಿಲ್ಲುವುದಿಲ್ಲ. ತೆರೆಯುವಾಗ ದುಡ್ಡಿನ ನೆನಪು ಮಾಡಿ ಮುಂದೆ ಬಿಡುತ್ತದೆ. ಇದನ್ನೇ ನಂಬಿಕೊಂಡು ವರ್ಷಗಟ್ಟಲೆ ದುಡ್ಡು ಕೊಡದೆ ಬಳಸುವವರು ಬೇಕಾದಷ್ಟು ಇದ್ದಾರೆ. ನನಗೆ ಇದು ಒಪ್ಪಿಗೆ ಇಲ್ಲ. ಅವರು ನಂಬಿಕೆ ಇಟ್ಟು ಬಾಗಿಲು ತೆರೆದಿಟ್ಟಿದ್ದಾರೆ. ಭಾಗವತರಿಗೆ, ಹಿಮ್ಮೇಳದವರಿಗೆ ಸಂಭಾವನೆ ಕೊಡುವ ನಾವು ಸಾಫ್ಟ್‌ವೇರ್ ಬರೆದವರಿಗೂ ಕೊಡಬೇಕು. ಕೊಡಲು ಆಗದಿದ್ದರೆ ಕಾಪಿ ಮಾಡಿ ಹಂಚಲು ಅನುಮತಿ ಇರುವ ಸಾಫ್ಟ್‌ವೇರ್ ಬೇರೆ ಇದೆಯಲ್ಲ.

ಈಗ ಆರ್ಡೋರ್. ನಾನು ಕೂಟಗಳಿಗೆ ಒಯ್ಯುವುದು ಇದನ್ನೇ. ಪಾಲ್ ಡೇವಿಸ್ ಶುರುಮಾಡಿದ್ದು. ಲಿನಕ್ಸ್‌ನ ಜ್ಯಾಕ್ ಎಂಬ ಆಡಿಯೊ ವ್ಯವಸ್ಥೆಯನ್ನು ಮೊದಲು ಬರೆದವರೂ ಅವರೇ. ಇದು ಸಹ ಜಿಪಿಎಲ್. ಆದರೆ ಕಟ್ಟಿ ಸಿದ್ಧಮಾಡಿದ ಪ್ರತಿಗೆ ಅವರು ದುಡ್ಡು ಕೇಳುತ್ತಾರೆ. ಕಡಿಮೆ ಎಂದರೆ 1 ಡಾಲರ್, ಅದರ ಮೇಲೆ ನಿಮ್ಮ ಇಷ್ಟ. ಕೊಡದೆ ಇಳಿಸಿಕೊಂಡ ಪ್ರತಿ 10 ನಿಮಿಷದ ನಂತರ ಆಗಾಗ ಮೌನವಾಗುತ್ತದೆ. "ಓಪನ್ ಸೋರ್ಸ್ ಅಂದಮೇಲೆ ದುಡ್ಡು ಯಾಕೆ?" ಎಂದು ಸಿಟ್ಟಾಗುವವರಿದ್ದಾರೆ. ನಮ್ಮ ಯಕ್ಷಗಾನದಲ್ಲೂ ಹಳೆಯ ಪ್ರಸಂಗದ ಪದ್ಯಗಳು ಎಲ್ಲರದ್ದು, ಯಾರು ಬೇಕಾದರೂ ಹಾಡಬಹುದು. ಆಟ ಆಡಿಸಬೇಕಾದರೆ ಮೇಳಕ್ಕೆ ಕೊಡಬೇಕಾದ್ದನ್ನು ಕೊಡುತ್ತೇವೆ. ಇದೂ ಹಾಗೆಯೇ ಎಂದು ನಾನು ಅವರಿಗೆ ಹೇಳುತ್ತೇನೆ. ಕೋಡ್ ತೆರೆದಿದೆ. ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ನವರು ಅದನ್ನು ತಾವೇ ಕಟ್ಟಿ ಸುಮ್ನೆ ಕೊಡುತ್ತಾರೆ. ಅಲ್ಲಿಂದ ಪಡೆದರೂ ತಪ್ಪಿಲ್ಲ. ಆದರೆ ಆ ಪ್ರತಿಯಲ್ಲಿ ತೊಂದರೆ ಬಂದರೆ ಆರ್ಡೋರ್ ತಂಡ ನೆರವು ಕೊಡುವುದಿಲ್ಲ.

ಕಲಿಯಲು ಇದು ಕಷ್ಟ. ಮೊದಲ ಸಲ ತೆರೆದವರಿಗೆ ಯಾವ ಮೈಕ್ ಯಾವ ಟ್ರ್ಯಾಕಿಗೆ ಎಂಬುದನ್ನು ಹೊಂದಿಸುವುದರಲ್ಲೇ ಹೊತ್ತು ಹೋಗುತ್ತದೆ. ಶಾಲೆಯ ಮಕ್ಕಳ ಕೈಗೆ ನೇರ ಕೊಡುವಂಥದ್ದಲ್ಲ. ಒಮ್ಮೆ ಹೊಂದಿಸಿ ಟೆಂಪ್ಲೇಟ್ ಮಾಡಿಟ್ಟರೆ ಮುಂದಿನ ಕೂಟಗಳಿಗೆ ಅದೇ ಸಾಕು. ಪ್ರತಿ ಮೈಕಿನ ಮಟ್ಟ ದೊಡ್ಡದಾಗಿ ಕಾಣುತ್ತದೆ. ಚೆಂಡೆಯ ಮೈಕನ್ನು ನಾನು ಮೈನಸ್ 12 ಡೆಸಿಬಲ್ ಹತ್ತಿರ ನಿಲ್ಲಿಸುತ್ತೇನೆ (ಸೊನ್ನೆ ದಾಟಿದರೆ ಧ್ವನಿ ಒಡೆಯುತ್ತದೆ). ಏರುಪದ್ಯ ಬಂದಾಗ ಪೆಟ್ಟು ಜೋರಾಗುತ್ತದೆ, ಅದಕ್ಕೆ ಜಾಗ ಉಳಿದಿರಬೇಕು.

ಫೈಲ್ ಇಡುವ ರೀತಿಯಲ್ಲಿ ನನಗೆ ಆರ್ಡೋರ್ ತುಂಬ ಹಿಡಿಸಿತು. ಪ್ರತಿ ಮೈಕಿನ ಧ್ವನಿ ಬೇರೆ ಬೇರೆ ವೇವ್ ಫೈಲಾಗಿ ಒಂದು ಫೋಲ್ಡರಿನಲ್ಲಿ ಇರುತ್ತದೆ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿಗೆ ಗಂಟೆಗೆ ಸುಮಾರು 518 ಎಂಬಿ. ಮೂರು ಗಂಟೆಯ ಕೂಟ, ನಾಲ್ಕು ಮೈಕ್ ಎಂದರೆ 6.2 ಜಿಬಿ ಆಯಿತು. ಮುಂದೆ ಆರ್ಡೋರ್ ಇಲ್ಲದೆ ಹೋದರೂ ಆ ವೇವ್ ಫೈಲುಗಳು ಯಾವ ಪ್ಲೇಯರಿನಲ್ಲೂ ತೆರೆಯುತ್ತವೆ. ಆಡಾಸಿಟಿ 3.0 ಬಂದ ಮೇಲೆ ಇಡೀ ಪ್ರಾಜೆಕ್ಟ್ ಒಂದೇ ಡೇಟಾಬೇಸ್ ಫೈಲಾಗಿದೆ. ಸಾಗಿಸಲು ಅದು ಅನುಕೂಲ. ಹಿಂದೆ ಜೊತೆಯ ಫೋಲ್ಡರ್ ಬಿಟ್ಟು ಬರೀ ಪ್ರಾಜೆಕ್ಟ್ ಫೈಲ್ ಕಾಪಿ ಮಾಡಿ ಎಷ್ಟೋ ಜನ ಧ್ವನಿ ಕಳೆದುಕೊಂಡಿದ್ದರು. ಆದರೆ ಆ ಒಂದು ಫೈಲ್ ಕೆಟ್ಟರೆ ನಾಲ್ಕು ಮೈಕೂ ಒಟ್ಟಿಗೆ ಹೋಗುವ ಭಯ ಇದೆ. ದಾಖಲೆಗಾಗಿ ಆಡಾಸಿಟಿ ಬಳಸುವವರು ಕೂಟ ಮುಗಿದ ರಾತ್ರಿಯೇ ವೇವ್ ಅಥವಾ ಫ್ಲಾಕ್ (ಧ್ವನಿ ಏನೂ ಕಳೆಯದ ಫೈಲ್) ಆಗಿ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಡಿಸ್ಕಿನಲ್ಲಿ ಇಡಬೇಕು. ಎಂಪಿ3 ಆಗಿ ಮಾತ್ರ ಇಟ್ಟುಕೊಂಡರೆ ಸಾಲದು.

ಈಗ ನಮ್ಮಲ್ಲಿ ನಡೆಯುವುದು ಹೀಗೆ. ಕೂಟದಲ್ಲಿ ಆರ್ಡೋರ್. ಮರುದಿನ ಕತ್ತರಿಸಿ, ಪದ್ಯ-ಅರ್ಥ ಬೇರೆ ಮಾಡಿ, ಜನರಿಗೆ ಕಳಿಸಲು ಆಡಾಸಿಟಿ. ಈ ಎರಡನೆಯ ಕೆಲಸ ಮಕ್ಕಳದ್ದೇ. ಬೇರೆ ಸಂಘದವರು ಕೇಳಿದರೆ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತೇವೆ, ಯಾರ ಅನುಮತಿಯೂ ಬೇಕಿಲ್ಲ. ವಿಂಡೋಸ್ ಬಿಡಲು ಆಗದವರಿಗೆ, ದುಡ್ಡು ಕೊಟ್ಟು ರೀಪರ್ ತೆಗೆದುಕೊಳ್ಳಿ ಎನ್ನುತ್ತೇನೆ. ಏಸಿಯೋ ಸೇರಿದ ಆಡಾಸಿಟಿಯನ್ನು ಗೆಳೆಯನ ಲ್ಯಾಪ್‌ಟಾಪಿನಲ್ಲಿ ಇದೇ ನಾಲ್ಕು ಮೈಕ್ ಇಟ್ಟು ನೋಡುವುದು ಬಾಕಿ ಇದೆ. ಅದು ಸರಿಯಾಗಿ ನಡೆದರೆ ವಿಂಡೋಸ್‌ನವರಿಗೂ ಆಡಾಸಿಟಿಯನ್ನೇ ಹೇಳುತ್ತೇನೆ.