ಮಗನನ್ನು ಪ್ರಿನ್ಸೆಸ್ ಟೀ ಪಾರ್ಟಿಗೆ ಕರೆದುಕೊಂಡು ಹೋಗುವ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಈಗ ಶನಿವಾರ, ಭಾನುವಾರ ಬಂತೆಂದರೆ ಯಾವುದಾದರೊಂದು ಹೋಟೆಲಿನ ಬ್ಯಾಂಕ್ವೆಟ್ ಹಾಲ್‌ನಲ್ಲಿ ಮಕ್ಕಳಿಗಾಗಿ ‘ಪ್ರಿನ್ಸೆಸ್ ಟೀ ಪಾರ್ಟಿ’ ಇರುತ್ತದೆ. ರಾಜಕುಮಾರಿಯರ ವೇಷ ತೊಟ್ಟ ನಾಲ್ಕೈದು ಹುಡುಗಿಯರು ಬಂದು ಹಾಡುತ್ತಾರೆ, ಕುಣಿಸುತ್ತಾರೆ. ಪಿಂಗಾಣಿ ಕಪ್ಪಿನಲ್ಲಿ ಟೀ ಅಂತ ಹೇಳಿ ಬಾದಾಮಿ ಹಾಲನ್ನೋ ಶರಬತ್ತನ್ನೋ ಕೊಡುತ್ತಾರೆ. ಕೊನೆಗೆ ಫೋಟೋ. ಕಳೆದ ತಿಂಗಳು ನನ್ನ ಐದು ವರ್ಷದ ಮಗನ ಜೊತೆ ಅಂಥದ್ದೊಂದಕ್ಕೆ ಹೋಗಿದ್ದೆ. ನಡೆಸಿದವರು ಯಾರೆಂದು ಇಲ್ಲಿ ಬರೆಯುವುದಿಲ್ಲ. ದೂರು ಕೊಟ್ಟಾಗಿದೆ, ಅದರ ಪಾಡಿಗೆ ಅದು ನಡೆಯಲಿ. ಆದರೆ ಅಲ್ಲಿ ಕಂಡದ್ದನ್ನು ಹೇಳದೆ ಇರಲು ಆಗುತ್ತಿಲ್ಲ. ಎರಡು ವಿಷಯ ಇದೆ. ಒಂದು ನನ್ನ ಮಗನಂಥ ಹುಡುಗರಿಗೆ ಸಂಬಂಧಿಸಿದ್ದು. ಇನ್ನೊಂದು ಆ ಮೇಜಿನ ಸುತ್ತ ಕೂತಿದ್ದ ಎಲ್ಲ ಮಕ್ಕಳಿಗೂ ಸಂಬಂಧಿಸಿದ್ದು.

ಇವನಿಗೆ ರಾಜಕುಮಾರಿಯರ ಕಥೆ ಅಂದರೆ ಪ್ರಾಣ. ನನ್ನ ತವರು ಕುಂದಾಪುರದ ಕಡೆ. ರಜೆಗೆ ಹೋದಾಗ ನನ್ನ ಅಪ್ಪ ಅವನನ್ನು ಆಟಕ್ಕೆ ಕರೆದುಕೊಂಡು ಹೋಗುತ್ತಾರೆ. ಯಕ್ಷಗಾನಕ್ಕೆ ನಮ್ಮಲ್ಲಿ ಹಾಗೇ ಹೇಳುವುದು. ಒಮ್ಮೆ ಚೌಕಿಗೂ ಕರೆದುಕೊಂಡು ಹೋಗಿ, ವೇಷ ಕಟ್ಟುವುದನ್ನು ತೋರಿಸಿದ್ದರು. ಅಲ್ಲಿ ಕನ್ನಡಿ ಮುಂದೆ ಕೂತು ಬಣ್ಣ ಹಚ್ಚಿಕೊಂಡು, ಬಳೆ ತೊಟ್ಟು, ನೋಡನೋಡುತ್ತಾ ರಾಣಿಯಾಗಿಬಿಟ್ಟವರು ಒಬ್ಬರು ಗಂಡಸು. ಸ್ತ್ರೀವೇಷವನ್ನು ತಲೆಮಾರುಗಳಿಂದ ಗಂಡಸರೇ ಕಟ್ಟಿಕೊಂಡು ಬಂದ ಕಲೆ ಅದು. ಹಾಗಾಗಿ ರಾಜಕುಮಾರಿ ಎಂದರೆ ಹುಡುಗಿಯರ ಪಾಲಿನದು, ಹುಡುಗರು ಅತ್ತ ನೋಡಬಾರದು ಎಂಬ ಮಾತೇ ಇವನ ಕಿವಿಗೆ ಬಿದ್ದಿರಲಿಲ್ಲ. ಪೋಸ್ಟರ್ ನೋಡಿ ಕುಣಿದುಬಿಟ್ಟ. ಅಮ್ಮ ತಮ್ಮ ಹಳೇ ರೇಷ್ಮೆ ಸೀರೆಯೊಂದರ ಜರಿ ಅಂಚು ಕತ್ತರಿಸಿ ಹೆಗಲಿಗೆ ಇಳಿಬಿಡುವ ವಸ್ತ್ರ ಹೊಲಿದು ಕಳಿಸಿದ್ದರು. ಚಿನ್ನದ ಬಣ್ಣದ ಹಾಳೆಯಲ್ಲಿ ಕಿರೀಟವನ್ನು ಅವನೇ ಕತ್ತರಿಸಿಕೊಂಡ. ಆಮೇಲೆ ಅದನ್ನು ತೆಗೆದು ಮನೆಯಲ್ಲೇ ಇಟ್ಟ. ‘ಅಲ್ಲಿ ನಿಜವಾದ್ದು ಕೊಡ್ತಾರಲ್ಲಮ್ಮಾ’ ಅಂದ. ಪೋಸ್ಟರಿನಲ್ಲಿ ಹಾಗೇ ಇತ್ತು: ಮೂರರಿಂದ ಎಂಟು ವರ್ಷದ ಮಕ್ಕಳಿಗೆ, ಪ್ರತಿ ಮಗುವಿಗೂ ಕಿರೀಟ, ಟೀ, ರಾಜಕುಮಾರಿಯರ ಜೊತೆ ಫೋಟೋ.

ನಾನು ಕಣ್ಣು ಮುಚ್ಚಿ ದುಡ್ಡು ಕಟ್ಟಲಿಲ್ಲ. ಹುಡುಗರೂ ಬರಬಹುದಾ ಅಂತ ವಾಟ್ಸಾಪ್‌ನಲ್ಲಿ ಕೇಳಿದೆ. ‘ಎಲ್ಲ ಮಕ್ಕಳಿಗೂ ಸ್ವಾಗತ ಮೇಡಂ’ ಎಂದು ಉತ್ತರ ಬಂತು, ಜೊತೆಗೊಂದು ಹೃದಯದ ಚಿತ್ರ. ಮಗುವಿಗೆ 1,800, ದೊಡ್ಡವರಿಗೆ 900. ಒಟ್ಟು 2,700 ರೂಪಾಯಿ ಕಟ್ಟಿದೆ.

ಬಾಗಿಲಲ್ಲೇ ತಡೆದರು. ತಡೆದರು ಅಂದರೆ ಒಳಗೆ ಬಿಡಲಿಲ್ಲ ಅಂತಲ್ಲ. ಮೇಜಿನ ಮೇಲೆ ಕಿರೀಟಗಳನ್ನು ಸಾಲಾಗಿ ಜೋಡಿಸಿದ್ದರು. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡಿದ್ದ ಹುಡುಗಿ ಪ್ರತಿ ಮಗುವಿನ ತಲೆಗೂ ಒಂದೊಂದು ಇಟ್ಟು, ಕ್ಲಿಪ್ ಒತ್ತಿ, ‘ವೆಲ್‌ಕಮ್ ಪ್ರಿನ್ಸೆಸ್’ ಅನ್ನುತ್ತಿದ್ದಳು. ಇವನ ಸರದಿ ಬಂತು. ಇವನು ತಲೆ ಬಗ್ಗಿಸಿ ನಿಂತ. ಆಕೆ ಇವನ ಮೇಲಿಂದ ನನ್ನ ಮುಖ ನೋಡಿ, ‘ಮೇಡಂ, ಇದು ಹೆಣ್ಮಕ್ಳದ್ದು. ಬಾಯ್ಸ್‌ಗೆ ಏನೂ ಬಂದಿಲ್ಲ’ ಅಂದಳು. ಪೋಸ್ಟರ್ ತೋರಿಸಿದೆ. ವಾಟ್ಸಾಪ್ ಉತ್ತರ ತೋರಿಸಿದೆ. ‘ಅದು ಬೇರೆ ಟೀಮ್ ಮೇಡಂ’ ಅಂದಳು. ಹಿಂದೆ ಸಾಲು ಬೆಳೆಯುತ್ತಿತ್ತು. ಅಷ್ಟು ಹೊತ್ತೂ ಅವನು ಬಗ್ಗಿಸಿದ ತಲೆ ಎತ್ತಿರಲಿಲ್ಲ, ಇನ್ನೇನು ಇಡುತ್ತಾರೆ ಅಂತ ಕಾಯುತ್ತಲೇ ಇದ್ದ. ಇದನ್ನು ಬರೆಯುವಾಗಲೂ ನನ್ನ ಕಣ್ಣ ಮುಂದೆ ಇರುವುದು ಆ ಬಗ್ಗಿಸಿದ ತಲೆಯೇ. ಆ ಕ್ಷಣವೇ ಅವನ ಕೈ ಹಿಡಿದು ವಾಪಸು ಬರಬೇಕಿತ್ತು. ಬರಲಿಲ್ಲ. ಅವನಿಗೆ ಬೇಸರವಾಗುತ್ತದೆ, ಒಳಗೆ ಹೋದರೆ ಸರಿಹೋಗುತ್ತದೆ ಅಂದುಕೊಂಡೆ. ನೀವು ಆ ತಪ್ಪು ಮಾಡಬೇಡಿ.

ಒಳಗೆ ಇನ್ನೂ ಮೂವರು ಹುಡುಗರಿದ್ದರು, ಎಲ್ಲರೂ ಅಕ್ಕತಂಗಿಯರ ಜೊತೆ ಬಂದವರು. ಅವರನ್ನೂ ಇವನನ್ನೂ ಸೇರಿಸಿ ಗೋಡೆಬದಿಯ ಮೇಜೊಂದಕ್ಕೆ ಕೂರಿಸಿದರು. ಫೋಟೋಗೆ ಕರೆಯುವಾಗ ಬಾಗಿಲಲ್ಲಿ ಬರೆದುಕೊಂಡ ಪಟ್ಟಿ ನೋಡಿ ಹೆಸರು ಕೂಗುತ್ತಿದ್ದರು. ಕಿರೀಟ ಕೊಟ್ಟವರ ಹೆಸರು ಮಾತ್ರ ಅದರಲ್ಲಿತ್ತು. ನಾನು ಹೋಗಿ ಕೇಳಿದ್ದಕ್ಕೆ, ‘ಲಾಸ್ಟಲ್ಲಿ ಬಾಯ್ಸ್ ಗ್ರೂಪ್ ಫೋಟೋ ತೆಗೀತೀವಿ ಮೇಡಂ, ಈಗ ಫ್ರೇಮ್ ಡಿಸ್ಟರ್ಬ್ ಆಗುತ್ತೆ’ ಎಂದರು. ಕೊನೆಗೂ ತೆಗೆಯಲಿಲ್ಲ. ಫ್ರೇಮ್ ಎಂಬ ಆ ಮಾತು ಕೇಳಿದಾಗಲೇ ನನಗೆ ಆ ಪಾರ್ಟಿ ಅರ್ಥವಾಗಿದ್ದು. ಅಲ್ಲಿದ್ದದ್ದೆಲ್ಲ ಮುಂದಿನ ಪೋಸ್ಟರಿಗೆ ಬೇಕಾದ ಚಿತ್ರಕ್ಕಾಗಿ. ಚಿತ್ರದಲ್ಲಿ ಚೆನ್ನಾಗಿ ಕಾಣುವುದು ಮಗುವಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಯೋಚಿಸಿರಲಿಲ್ಲ. ಟೀ ವಿಷಯದಲ್ಲೂ ಅದೇ ಆಯಿತು.

ಟೀ ಬಂದದ್ದು ಹೊಗೆಯಾಡುವ ಟೀಪಾಟ್‌ನಲ್ಲಿ. ‘ಮ್ಯಾಜಿಕ್ ಟೀ’ ಅಂದರು. ರಾಜಕುಮಾರಿಯ ವೇಷದಾಕೆ ಗುಲಾಬಿ ಶರಬತ್ತು ತುಂಬಿದ ಕಪ್ಪುಗಳಿಗೆ ಇಕ್ಕಳದಿಂದ ಒಂದೊಂದು ಬಿಳಿ ತುಂಡು ಹಾಕುತ್ತಾ ಹೋದಳು. ಬುಸಬುಸನೆ ಬಿಳಿ ಹೊಗೆ ಎದ್ದು ಮೇಜಿನ ಮೇಲೆ ಹರಡಿ, ಅಂಚಿನಿಂದ ಮಕ್ಕಳ ಮಡಿಲಿಗೆ ಇಳಿಯಿತು. ಮಕ್ಕಳು ಕಿರುಚಿ ಚಪ್ಪಾಳೆ ತಟ್ಟಿದರು. ‘ಹೊಗೆ ನಿಂತ ಮೇಲೆ ಕುಡೀರಿ’ ಅಂತ ಮೈಕಿನಲ್ಲಿ ಒಂದು ಸಲ ಹೇಳಿದರು, ಅದೂ ಹಾಡಿನ ಅಬ್ಬರದಲ್ಲಿ. ನಾಲ್ಕೈದು ವರ್ಷದ ಮಕ್ಕಳು ಕಾಯುತ್ತಾರೆಯೇ? ಪಕ್ಕದ ಮೇಜಿನ ಮಗುವೊಂದು ಆಗಲೇ ಕಪ್ಪು ತುಟಿಗೆ ಹಚ್ಚಿತ್ತು. ಅವಳಮ್ಮ ಓಡಿ ಬಂದು ಕಿತ್ತುಕೊಂಡರು. ಅಷ್ಟರಲ್ಲಿ ನನ್ನವನು ಕಪ್ಪಿನೊಳಗೆ ಕೈ ಹಾಕಿ ಆ ತುಂಡನ್ನು ಎತ್ತಿ ಬೆರಳುಗಳ ನಡುವೆ ಹಿಡಿದುಕೊಂಡಿದ್ದ. ‘ಅಮ್ಮಾ, ಕಚ್ತಾ ಇದೆ’ ಅಂದ. ನಾನು ಕೊಡವಿದೆ. ತೋರುಬೆರಳಿನ ತುದಿ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿತ್ತು.

ಅದು ಡ್ರೈ ಐಸ್. ನೀರಿನ ಐಸ್ ಅಲ್ಲ, ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್. ಅದರ ತಂಪು ಸೊನ್ನೆಗಿಂತ 78 ಡಿಗ್ರಿ ಕೆಳಗೆ. ಅದು ಕರಗಿ ನೀರಾಗುವುದಿಲ್ಲ, ನೇರವಾಗಿ ಅನಿಲವಾಗುತ್ತದೆ. ಚರ್ಮಕ್ಕೆ ತಾಗಿ ನಿಂತರೆ ಬೆಂಕಿ ಸುಟ್ಟ ಹಾಗೆಯೇ ಸುಡುತ್ತದೆ. ನುಂಗಿದರೆ ಒಳಗೆ ಏನಾಗಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ: 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ರೆಸ್ಟೋರೆಂಟ್ ಒಂದರಲ್ಲಿ ಊಟದ ನಂತರ ಬಾಯಿಗೆ ಹಾಕಿಕೊಳ್ಳಲು ಡ್ರೈ ಐಸ್ ಕೊಟ್ಟು, ಐವರು ರಕ್ತ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದರು. ಅದೇ ವರ್ಷ ಬೆಂಗಳೂರಿನಲ್ಲೇ ಮದುವೆಯೊಂದರಲ್ಲಿ ಹೊಗೆ ಪಾನ್ ತಿಂದ 12 ವರ್ಷದ ಹುಡುಗಿಯ ಹೊಟ್ಟೆಯಲ್ಲಿ ತೂತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಅದರಲ್ಲಿದ್ದದ್ದು ದ್ರವ ಸಾರಜನಕ, ಇನ್ನೂ ತಂಪು, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ದಾವಣಗೆರೆಯಲ್ಲಿ ಹೊಗೆ ಬಿಸ್ಕೆಟ್ ತಿಂದು ಒದ್ದಾಡಿದ ಹುಡುಗನ ವಿಡಿಯೋ ನೀವೂ ನೋಡಿರುತ್ತೀರಿ. ಇಷ್ಟೆಲ್ಲ ಆದಮೇಲೆ ರಾಜ್ಯದಲ್ಲಿ ದ್ರವ ಸಾರಜನಕದ ತಿನಿಸುಗಳ ಮೇಲೆ ನಿರ್ಬಂಧ ಬಂತು. ಆದರೂ ಮಕ್ಕಳ ಕಪ್ಪಿಗೆ ಡ್ರೈ ಐಸ್ ಬೀಳುತ್ತಲೇ ಇದೆ. ಇನ್ನೊಂದು ಮಾತು: ಡ್ರೈ ಐಸ್‌ನಿಂದ ಏಳುವ ಅನಿಲ ಗಾಳಿಗಿಂತ ಭಾರ. ಕಿಟಕಿ ಮುಚ್ಚಿದ ಎಸಿ ಹಾಲ್‌ನಲ್ಲಿ ಅದು ಕೆಳಗೇ ಉಳಿಯುತ್ತದೆ, ಅಂದರೆ ನಾವು ನಿಂತಿರುವ ಎತ್ತರದಲ್ಲಲ್ಲ, ಮಕ್ಕಳು ಕೂತಿರುವ ಎತ್ತರದಲ್ಲಿ.

ಬೆರಳನ್ನು ಬಾತ್‌ರೂಮಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಹಿಡಿದೆ. ಪಕ್ಕದಲ್ಲಿದ್ದವರೊಬ್ಬರು ‘ಉಜ್ಜಿ, ಬಿಸಿಯಾಗುತ್ತೆ’ ಅಂದರು, ಇನ್ನೊಬ್ಬರು ಟೂತ್‌ಪೇಸ್ಟ್ ತರಿಸಲಾ ಅಂದರು. ಎರಡೂ ಕೂಡದು. ಉಜ್ಜಿದರೆ ಚರ್ಮ ಇನ್ನಷ್ಟು ಹಾಳಾಗುತ್ತದೆ. ಕುದಿಯುವ ನೀರೂ ಬೇಡ. ಉಗುರುಬೆಚ್ಚಗಿನ ನೀರು, ಆಮೇಲೆ ಡಾಕ್ಟರು, ಅಷ್ಟೇ. ರಾತ್ರಿ ಹೊತ್ತಿಗೆ ಕಡಲೆಕಾಳಿನಷ್ಟು ಬೊಬ್ಬೆ ಎದ್ದಿತ್ತು. ವಾರದಲ್ಲಿ ವಾಸಿಯಾಯಿತು. ಇದರಲ್ಲಿ ಹೋಯಿತಲ್ಲ ಎಂಬ ನೆಮ್ಮದಿ ನನಗಿದೆ. ಆ ತುಂಡು ಬಾಯಿಗೆ ಹೋಗಿದ್ದರೆ ಎಂಬುದನ್ನು ನೆನೆದರೆ ಇವತ್ತಿಗೂ ನಿದ್ದೆ ಬರುವುದಿಲ್ಲ.

ಹೊರಡುವಾಗ ಪ್ರತಿ ಮಗುವಿನ ಕೈಗೂ ಬಾಂಬೆ ಮಿಠಾಯಿ ಕೊಟ್ಟರು. ಅದಕ್ಕೆ ಮಾತ್ರ ಹುಡುಗ, ಹುಡುಗಿ ಎಂಬ ಭೇದ ಇರಲಿಲ್ಲ. ಕಡು ಗುಲಾಬಿ, ಕೈಗೆ ಅಂಟಿದರೆ ಬಣ್ಣ ಬಿಡುವಂಥದ್ದು. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಕರ್ನಾಟಕದಲ್ಲಿ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿರುವುದಾಗಿ ಹೇಳಿದ್ದರು. ಪರೀಕ್ಷೆಗೆ ಕಳಿಸಿದ ಮಾದರಿಗಳಲ್ಲಿ ಬಟ್ಟೆಗೆ ಹಾಕುವ ರೋಡಮೈನ್-ಬಿ ಸಿಕ್ಕಿತ್ತು. ಬಣ್ಣವಿಲ್ಲದ ಬಿಳಿ ಮಿಠಾಯಿಗೆ ಅಡ್ಡಿ ಇಲ್ಲ. ಅಲ್ಲಿ ಕೊಟ್ಟದ್ದರಲ್ಲಿ ಯಾವ ಬಣ್ಣ ಇತ್ತೆಂದು ನಾನು ಪರೀಕ್ಷೆ ಮಾಡಿಸಿಲ್ಲ, ಹಾಗಾಗಿ ಅದನ್ನು ಇಂಥದ್ದೇ ಎಂದು ಹೇಳುವುದಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ಗುಲಾಬಿ ಬಾಂಬೆ ಮಿಠಾಯಿ ಮಗುವಿನ ಕೈಗೆ ಬಂದರೆ ತೆಗೆದುಕೊಳ್ಳಬೇಡಿ, ಅಷ್ಟು ಸಾಕು.

ದುಡ್ಡು ವಾಪಸು ಕೇಳಿದೆ. ಟಿಕೆಟಿನ ಕೆಳಗೆ ‘ಹಣ ಹಿಂತಿರುಗಿಸಲಾಗುವುದಿಲ್ಲ’ ಎಂದು ಬರೆದದ್ದನ್ನು ತೋರಿಸಿದರು. ಹಾಗೆ ಬರೆದಮಾತ್ರಕ್ಕೆ ಬಾಯಿ ಮುಚ್ಚಿಕೊಂಡು ಬರಬೇಕಿಲ್ಲ. ಕೊಡುತ್ತೇವೆ ಎಂದು ಜಾಹೀರಾತಿನಲ್ಲಿ ಹೇಳಿದ್ದನ್ನು ಕೊಡದಿದ್ದರೆ ಅದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ದೂರು ಕೊಡಬಹುದಾದ ವಿಷಯ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನು ಅಲ್ಲೇ ದೂರು ದಾಖಲಿಸಿದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ; ನೀವು ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು, ವಕೀಲರು ಇರಲೇಬೇಕೆಂದಿಲ್ಲ. ನನ್ನ ಕೈ ಹಿಡಿದದ್ದು ಆ ವಾಟ್ಸಾಪ್ ಉತ್ತರ, ಪೋಸ್ಟರಿನ ಸ್ಕ್ರೀನ್‌ಶಾಟ್, ಬೆರಳಿನ ಫೋಟೋ ಮತ್ತು ಡಾಕ್ಟರ ಚೀಟಿ. ಪೋಸ್ಟರನ್ನು ಅವರು ಮರುದಿನವೇ ತೆಗೆದುಹಾಕಿದ್ದರು. ನನ್ನ ಫೋನಿನಲ್ಲಿ ಉಳಿದಿತ್ತು.

ಮಗ ಕೇಳಿದ್ದಾನೆ, ನೀವು ಹೋಗಲೇಬೇಕು ಅಂದರೆ ‘ಹುಡುಗರು ಬರಬಹುದಾ’ ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ, ಟಿಕೆಟ್ ಮಾರಬೇಕಲ್ಲ. ‘ನನ್ನ ಮಗನ ತಲೆಗೆ ಏನು ಇಡುತ್ತೀರಿ, ಅವನ ಹೆಸರು ಫೋಟೋ ಪಟ್ಟಿಯಲ್ಲಿ ಇರುತ್ತದಾ’ ಎಂದು ಕೇಳಿ, ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಕಪ್ಪಿನಲ್ಲಿ ಹೊಗೆ ಬರುವಂಥದ್ದು ಏನಾದರೂ ಇದೆಯಾ ಎಂದು ಕೇಳಿ. ಇದೆ ಅಂದರೆ ಹೋಗಬೇಡಿ, ಮಗಳಿದ್ದರೂ ಹೋಗಬೇಡಿ. ಊಟ ತಿಂಡಿ ಒದಗಿಸುವವರ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಕೇಳಿ. 14 ಅಂಕಿಯ ನಂಬರ್ ಅದು, ಬಿಲ್ಲಿನ ಮೇಲೆ ಇರಲೇಬೇಕು. ನನಗೆ ಸಿಕ್ಕ ಬಿಲ್ಲಿನಲ್ಲಿ ಇರಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ಅವನು ಕೇಳಿದ್ದು ಒಂದೇ: ‘ಅಮ್ಮಾ, ಅಜ್ಜ ತೋರಿಸಿದ್ರಲ್ಲ ಆ ರಾಣಿ, ಅವರಿಗೂ ಇಲ್ಲಿ ಕಿರೀಟ ಕೊಡ್ತಿರ್ಲಿಲ್ವಾ?’ ಏನು ಹೇಳಬೇಕೋ ತಿಳಿಯಲಿಲ್ಲ. ಕೊಡಬೇಕಿತ್ತು ಪುಟ್ಟ, ನಿನಗೂ ಕೊಡಬೇಕಿತ್ತು, ಅವರದ್ದು ತಪ್ಪು ಅಂದೆ. ಅವರದ್ದು ತಪ್ಪು ಎಂಬ ಆ ಮಾತನ್ನು ದಯವಿಟ್ಟು ನೀವೂ ನಿಮ್ಮ ಮಗುವಿಗೆ ಬಾಯಿ ಬಿಟ್ಟು ಹೇಳಿ. ನಾವು ಸುಮ್ಮನಿದ್ದರೆ ತಪ್ಪು ತನ್ನದೇ ಅಂದುಕೊಳ್ಳುವ ವಯಸ್ಸು ಅದು.

ಮುಂದಿನ ಭಾನುವಾರಕ್ಕೆ ಅವರದ್ದೇ ಹೊಸ ಪೋಸ್ಟರ್ ಬಂದಿದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗೆ, ಪ್ರತಿ ಮಗುವಿಗೂ ಕಿರೀಟ. ಚಿತ್ರದಲ್ಲಿ ಅದೇ ಹೊಗೆಯಾಡುವ ಟೀಪಾಟ್. ನಿನ್ನೆ ಬೇರೆ ನಂಬರಿನಿಂದ ಮೇಲಿನ ಪ್ರಶ್ನೆಗಳನ್ನೇ ಕೇಳಿ ಕಳಿಸಿದೆ. ಮೆಸೇಜ್ ಓದಿದ್ದಾರೆ, ನೀಲಿ ಗುರುತು ಬಂದಿದೆ. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ.